ಅಪ್ಪನ ಟ್ರಂಕಿನ ಎರಡು ಲಿಪಿಗಳು

ಗುಜರಿಯವನ ಪಿಕ್‌ಅಪ್ ಪೆರ್ಲ ಪೇಟೆ ದಾಟುವ ಮೊದಲೇ ಹೇಗೋ ಹಿಡಿದೆವು. ಹಿಂದಿನ ಹಲಗೆ ಇಳಿಸಿ, ಹಳೆಯ ಪತ್ರಿಕೆಗಳ ರಾಶಿಯ ಅಡಿಯಿಂದ ಅಣ್ಣ ಎಳೆದು ತೆಗೆದ ಕಟ್ಟಿನಲ್ಲಿ ಅಪ್ಪ ಇಪ್ಪತ್ತೆರಡು ವರ್ಷ ಕಟ್ಟಿದ ತೀರ್ವೆಯ, ಅಂದರೆ ಭೂಕಂದಾಯದ, ರಶೀದಿಗಳಿದ್ದವು. ನಡುವೆ ನಾಲ್ಕು ಮಡಿಕೆಯಾಗಿ ನಮ್ಮ ತೋಟದ ಹಕ್ಕುಪತ್ರವಾದ ಪಟ್ಟಯವೂ ಇತ್ತು. ಕಿಲೋ ಲೆಕ್ಕದಲ್ಲಿ ಅದನ್ನು ತೂಗಿ ಕೊಟ್ಟವಳು ನಾನೇ. ಎಲ್ಲವೂ ಮಲಯಾಳದಲ್ಲಿತ್ತು, ನನಗೆ ಓದಲು ಬರುವುದಿಲ್ಲ, ಕಾರಣ ಅಷ್ಟೇ.

ಕಾಸರಗೋಡಿನ ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ಹತ್ತನೆಯವರೆಗೆ ನಾವು ಮೂವರು ಮಕ್ಕಳೂ ಊರಿನ ಕನ್ನಡ ಶಾಲೆಯಲ್ಲೇ ಕಲಿತೆವು, ಆಮೇಲೆ ಗಡಿ ದಾಟಿದೆವು. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ ಧಾರಾಳವಾಗಿ ಮಾತಾಡುತ್ತೇವೆ. ಅಕ್ಷರ ಮಾತ್ರ ಕಲಿಯಲಿಲ್ಲ. ಅಪ್ಪ ಕನ್ನಡ ಮೇಷ್ಟ್ರಾಗಿದ್ದರೂ ಕಚೇರಿಯ ಮಲಯಾಳವನ್ನು ತಡಕಾಡಿಕೊಂಡು ಓದುತ್ತಿದ್ದರು. ಹಾಗಾಗಿ ಅವರಿರುವ ತನಕ ನಮಗೆ ಅದರ ಅಗತ್ಯವೇ ಬೀಳಲಿಲ್ಲ.

ಅಪ್ಪ ತೀರಿಕೊಂಡದ್ದು ಮಳೆಗಾಲದ ಆಟಿ ತಿಂಗಳಲ್ಲಿ. ಹದಿಮೂರನೆಯ ದಿನದ ಊಟ ಮುಗಿದು ನೆಂಟರು ಹೊರಟ ಮೇಲೆ ನಾನು, ಅಣ್ಣ, ಅಕ್ಕ ಉಳಿದೆವು. ಅಮ್ಮ ಹೋಗಿ ಆರು ವರ್ಷವಾಗಿತ್ತು. ಮನೆಯಲ್ಲಿ ಇನ್ನು ಯಾರೂ ಇರುವುದಿಲ್ಲ, ತೋಟವನ್ನು ಅಕ್ಕ-ಭಾವ ನೋಡಿಕೊಳ್ಳುತ್ತಾರೆ ಎಂದು ತೀರ್ಮಾನವಾಯಿತು. ಅಣ್ಣನಿಗೆ ಹತ್ತು ದಿನದ ರಜೆ. ಅಷ್ಟರಲ್ಲಿ ಮುಗಿಸುವ ಅವಸರದಲ್ಲೇ ಗುಜರಿಯ ಘಟನೆ ನಡೆದದ್ದು.

ಕೈ ಹಾಕುವ ಮೊದಲೇ ಆಗಬೇಕಾದ ಎರಡು ಕೆಲಸಗಳಿದ್ದವು, ಅವನ್ನು ಸರಿಯಾಗಿಯೇ ಮಾಡಿದ್ದೆವು. ಮೊದಲನೆಯದು ಕೋವಿ. ಹಂದಿ ಕಾಟಕ್ಕೆಂದು ಅಪ್ಪ ಇಟ್ಟುಕೊಂಡಿದ್ದ ಒಂಟಿ ನಳಿಗೆಯದು. ಪರವಾನಗಿ ಇದ್ದವರು ತೀರಿಕೊಂಡ ಮೇಲೆ ಅದನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ಮಕ್ಕಳಿಗಿಲ್ಲ. ಭಾವ ಅದನ್ನೂ ಉಳಿದ ತೋಟೆಗಳನ್ನೂ ಪೊಲೀಸ್ ಠಾಣೆಗೆ ಒಪ್ಪಿಸಿ ರಶೀದಿ ತಂದರು. ಎರಡನೆಯದು ಪಿಂಚಣಿ. ಟ್ರೆಜರಿಗೆ ಸುದ್ದಿ ಮುಟ್ಟುವ ಮೊದಲೇ ಮುಂದಿನ ತಿಂಗಳ ಹಣ ಖಾತೆಗೆ ಬಿದ್ದಿತ್ತು. ಎಟಿಎಂ ಕಾರ್ಡಿನ ಗುಟ್ಟು ಅಕ್ಕನಿಗೆ ಗೊತ್ತಿತ್ತು, ಮನೆಯ ಖರ್ಚೂ ಬೆಳೆಯುತ್ತಿತ್ತು. ಆದರೂ ಮುಟ್ಟಲಿಲ್ಲ. ತೀರಿಕೊಂಡ ದಿನದ ನಂತರದ ಪಿಂಚಣಿಯನ್ನು ಸರಕಾರ ಹಿಂದಕ್ಕೆ ಕೇಳುತ್ತದೆ, ಅದರ ಮೊದಲಿನ ಬಾಕಿ ಇದ್ದರೆ ವಾರಸುದಾರರಿಗೆ ಕೊಡುತ್ತದೆ.

ಗುಜರಿಯವನಿಂದ ಕಟ್ಟು ಬಿಡಿಸಿಕೊಂಡು ಬಂದ ಸಂಜೆ ಅಟ್ಟದ ಟ್ರಂಕನ್ನು ಇಳಿಸಿದೆವು. ಮಳೆಗಾಲದಲ್ಲಿ ಹಳೆಯ ಕಾಗದ ತೆರೆಯಬಾರದು ಎಂದು ಈಗ ಹೇಳುತ್ತೇನೆ, ಆಗ ಗೊತ್ತಿರಲಿಲ್ಲ. ಒಂದಕ್ಕೊಂದು ಅಂಟಿಕೊಂಡ ಹಾಳೆಗಳನ್ನು ಬಿಡಿಸಲು ಹೋಗಿ ಮೊದಲನೆಯದನ್ನೇ ಹರಿದೆ. ಉಳಿದವನ್ನು ಒಲೆಯ ಮೇಲಿನ ಅಡಕೆ ಒಣಗಿಸುವ ತಟ್ಟಿಯಲ್ಲಿ ಹರಡಬಹುದೆಂದು ಅಣ್ಣ ಹೇಳಿದ. ಹೊಗೆ ಹಿಡಿದರೆ ಶಾಯಿ ಹೋಗುತ್ತದೆಂದು ಅಕ್ಕ ಬಿಡಲಿಲ್ಲ. ಕೊನೆಗೆ ಚಾವಡಿಯಲ್ಲಿ ಫ್ಯಾನಿನ ಕೆಳಗೆ, ಹಳೆಯ ಬೈರಾಸುಗಳ ಮೇಲೆ ಎರಡು ರಾತ್ರಿ ಇಟ್ಟೆವು. ತಾವಾಗಿಯೇ ಸಡಿಲವಾದವು.

ಟ್ರಂಕಿನ ತಳದಲ್ಲಿ ಕನ್ನಡವಿತ್ತು, ಮೇಲೆ ಮಲಯಾಳ. ಅಜ್ಜನ ಕಾಲದ ಗೇಣಿ ಚೀಟುಗಳನ್ನು, ಅಕ್ಷರ ಕೂಡಿಸಿ ಬರೆದ ಮೋಡಿಯಾಗಿದ್ದರೂ, ನಾನು ಓದಬಲ್ಲೆ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲಿನ ಕಾಗದಗಳಲ್ಲಿ ಮೊದಮೊದಲು ಎರಡೂ ಲಿಪಿಗಳು ಕಾಣುತ್ತವೆ, ಬರುಬರುತ್ತಾ ಒಂದೇ. ಅಜ್ಜ ಕಾಯಂ ಹಕ್ಕಿಲ್ಲದ ಚಾಲಗೇಣಿಗೆ ಮಾಡುತ್ತಿದ್ದ ಜಾಗ ಇದು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ, ಲ್ಯಾಂಡ್ ಟ್ರಿಬ್ಯೂನಲ್ ಪಟ್ಟಯ ಕೊಟ್ಟದ್ದರಿಂದ ಅದು ನಮ್ಮದಾಯಿತು. ಅಂದರೆ ನಮ್ಮನ್ನು ಒಡೆಯರನ್ನಾಗಿ ಮಾಡಿದ ಕಾಗದವನ್ನೇ ನಾನು ಗುಜರಿಗೆ ತೂಗಿದ್ದೆ. ಟ್ರಿಬ್ಯೂನಲ್ಲಿನಿಂದ ನಕಲು ತರಿಸಬಹುದಿತ್ತು ಎಂದು ಭಾವ ಸಮಾಧಾನ ಹೇಳಿದರು. ನಂಬರೇ ಗೊತ್ತಿಲ್ಲದೆ ಎಲ್ಲಿಂದ ತರಿಸುವುದು?

ಮರುದಿನದಿಂದ ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕರೆದು ಕೂರಿಸಿಕೊಂಡೆವು. ಅವಳು ಒಂದೊಂದೇ ಹಾಳೆ ಓದಿ ಇದು ಇಂಥದ್ದು ಎಂದು ಹೇಳುವುದು, ನಾನು ಕನ್ನಡದಲ್ಲಿ ಚೀಟಿ ಬರೆದು ಪಿನ್ ಹಾಕುವುದು. ನಮ್ಮ ನಿಯಮ ಒಂದೇ: ಓದಿ ಅರ್ಥವಾಗದ ಯಾವುದೂ ಮನೆಯಿಂದ ಹೊರಗೆ ಹೋಗಬಾರದು. ಮೂರು ಮಧ್ಯಾಹ್ನ ಹಿಡಿಯಿತು. ಬಿಸಾಡಬಹುದಾದದ್ದು ಮುಕ್ಕಾಲು ಪಾಲು, ಅದರಲ್ಲಿ 1990ರ ದಶಕದ ಮದುವೆ ಕಾಗದಗಳೇ ಹೆಚ್ಚು. ಉಳಿದ ಕಾಲು ಪಾಲಿನಲ್ಲಿ ಅವಧಿ ಮುಗಿದರೂ ತೆಗೆಯದ ಒಂದು ಠೇವಣಿ, ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಷೇರು ಪತ್ರ ಮತ್ತು ಹರಾಜಿನಲ್ಲಿ ಹೋಗಲಿದ್ದ ಅಮ್ಮನ ಅಡವಿನ ಚಿನ್ನದ ಚೀಟಿ ಸಿಕ್ಕಿದವು.

ಆಮೇಲೆ ಆಳುಗಳ ಲೆಕ್ಕದ ಪುಸ್ತಕ. ಇದು ಅಪ್ಪನ ಸ್ವಂತ ದುಂಡಗಿನ ಕನ್ನಡ, ಓದಲು ಯಾರೂ ಬೇಡ. ಎಡಗಡೆ ಕೊಡಲು ಬಾಕಿ, ಬಲಗಡೆ ಬರಲು ಬಾಕಿ. ತೋಟಕ್ಕೆ ಮದ್ದು ಬಿಡುತ್ತಿದ್ದವರಿಗೆ ಎರಡು ದಿನದ ಸಂಬಳ ಬಾಕಿಯಿತ್ತು, ತೆಂಗಿನಕಾಯಿ ಕೀಳುವವರಿಗೆ ನಾನೂರು ರೂಪಾಯಿ. ಬಲಗಡೆ ಬೇರೆ ಬೇರೆಯವರು ಮುಂಗಡವಾಗಿ ಒಯ್ದದ್ದು ಹತ್ತೊಂಬತ್ತು ಸಾವಿರ. ಎಡಗಡೆಯದ್ದನ್ನೆಲ್ಲ ಅದೇ ವಾರ ಮನೆಮನೆಗೆ ಹೋಗಿ ಕೊಟ್ಟು ಬಂದೆವು. ಬಲಗಡೆಯದ್ದನ್ನು ಬಿಟ್ಟುಬಿಡೋಣ ಎಂದೆ ನಾನು. ಕೇಳಿ ನೋಡುವುದರಲ್ಲಿ ತಪ್ಪೇನು ಎಂದ ಅಣ್ಣ. ಈ ಮಾತಿಗೆ ಅರ್ಧ ದಿನ ಮುಖ ಊದಿಸಿಕೊಂಡಿದ್ದೆವು. ಕೊನೆಗೆ ಯಾರನ್ನೂ ಕೇಳಲಿಲ್ಲ. ಇಬ್ಬರು ತಾವಾಗಿಯೇ ತಂದು ಕೊಟ್ಟರು, ಆಗ ಅಣ್ಣನೇ ತೆಗೆದುಕೊಳ್ಳಲು ಒಪ್ಪಲಿಲ್ಲ.

ಅಡುಗೆಮನೆಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಭರಣಿಗಳು ಅಕ್ಕನಿಗೆ, ಮೆಟ್ಟುಕತ್ತಿ ನನಗೆ, ತಾಮ್ರದ ಹಂಡೆ ಯಾರಿಗೂ ಎತ್ತಲಾಗದೆ ಅಲ್ಲೇ. ಕೊನೆಯ ದಿನಗಳಲ್ಲಿ ಬಳಸಿದ ಮಂಚ, ವಾಕರ್, ಗಾಳಿ ಹಾಸಿಗೆಯನ್ನು ಹಾಸಿಗೆ ಹಿಡಿದವರ ಆರೈಕೆ ನೋಡುವ ಪಂಚಾಯತಿನ ಪಾಲಿಯೇಟಿವ್ ಘಟಕದವರಿಗೆ ಕೊಟ್ಟೆವು. ನಾಲ್ಕೇ ದಿನದಲ್ಲಿ ಅದು ಇನ್ನೊಂದು ಮನೆಗೆ ಹೋಗಿತ್ತು.

ಕಷ್ಟವಾದದ್ದು ಸನ್ಮಾನದ ಸಾಮಾನು. ಮೇಷ್ಟ್ರೂ ತಾಳಮದ್ದಳೆಯಲ್ಲಿ ಕೂತು ಪಾತ್ರದ ಮಾತು ಹೇಳುವ ಅರ್ಥಧಾರಿಯೂ ಆದವರ ಮನೆಯಲ್ಲಿ ಎಷ್ಟು ಶಾಲು ಇರಬಹುದು? ಎಣಿಸಿದಾಗ ಅರುವತ್ತಮೂರು. ಶಾಲುಗಳಿಗೆ ಜನ ಸಿಕ್ಕಿದರು. ಸ್ಮರಣಿಕೆಗಳಿಗೆ ಯಾರೂ ಸಿಗುವುದಿಲ್ಲ. ಅಪ್ಪನ ಹೆಸರು ಕೆತ್ತಿದ ಪ್ಲಾಸ್ಟಿಕ್ ವೀಣೆಯನ್ನು ಯಾರು ಒಯ್ಯುತ್ತಾರೆ? ಒಂದೊಂದರದ್ದೂ ಫೋಟೊ ತೆಗೆದು, ಹೆಸರಿನ ತಗಡು ಕಿತ್ತು, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯ ಹೆಂಗಸರಿಗೆ ಒಪ್ಪಿಸಿದೆ. ಅವರಲ್ಲೊಬ್ಬರು ಅಪ್ಪನ ಶಿಷ್ಯೆ. ಒಂದು ದೀಪಸ್ತಂಭವನ್ನು ಚೀಲಕ್ಕೆ ಹಾಕದೆ ಬದಿಗಿಟ್ಟುಕೊಂಡರು. ನಾನು ನೋಡದವಳಂತೆ ಇದ್ದೆ. ಅರ್ಥಗಾರಿಕೆಯ ಟಿಪ್ಪಣಿ ಪುಸ್ತಕಗಳು ಹನ್ನೊಂದಿದ್ದವು. ಅವನ್ನು ವಾಚನಾಲಯಕ್ಕೆ ಕೊಡಬೇಕೆಂದಿದ್ದೆ. ಆದರೆ ಅಪ್ಪನ ಜೊತೆ ಕೂತು ಅರ್ಥ ಹೇಳುತ್ತಿದ್ದ ಹುಡುಗನಿಗೆ ಕೊಟ್ಟೆ, ಕಪಾಟಿನಲ್ಲಿ ಮಲಗುವುದಕ್ಕಿಂತ ಅದೇ ಮೇಲು.

ಕಚೇರಿಯ ಕೆಲಸ ಹತ್ತು ದಿನದ್ದಲ್ಲ. ಪಟ್ಟಯದಲ್ಲಿ ಅಪ್ಪನ ಹೆಸರಿನ ತುದಿಗೆ ಮಲಯಾಳದ 'ನ್' ಬಾಲ ಇತ್ತು, ಶಾಲೆಯ ದಾಖಲೆಯಲ್ಲಿ ಬಾಲವಿಲ್ಲ, ಬ್ಯಾಂಕಿನಲ್ಲಿ ಮನೆಯ ಹೆಸರು ಸೇರಿಕೊಂಡಿತ್ತು. ಮೂವರೂ ಒಬ್ಬರೇ ಎಂಬ ಸರ್ಟಿಫಿಕೇಟನ್ನು ವಿಲೇಜ್ ಆಫೀಸಿನಿಂದ ಮಾಡಿಸಬೇಕಾಯಿತು. ಅಲ್ಲಿ ಅವರು "ಆಧಾರಂ" ಕೇಳಿದಾಗ ಮೈಸೂರಿನಲ್ಲಿ ಮೂವತ್ತು ವರ್ಷ ಕಳೆದ ಅಣ್ಣ ಪಾಕೀಟಿನಿಂದ ಆಧಾರ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ. ಅವರು ಕೇಳಿದ್ದು ಜಾಗದ ಹಕ್ಕುಪತ್ರ. ವಾರಸುದಾರರ ಸರ್ಟಿಫಿಕೇಟಿಗೆ ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಅದು ಗೆಜೆಟ್‌ನಲ್ಲಿ ಪ್ರಕಟವಾಗಿ, ಆಕ್ಷೇಪಕ್ಕೆ ಕೊಟ್ಟ ಅವಧಿ ಕಳೆದು ಕೈಗೆ ಬರುವಾಗ ತೋಟದಲ್ಲಿ ಕೊಯ್ಲು ಶುರುವಾಗಿತ್ತು. ಖಾತೆ ಬದಲಾವಣೆಗೆ ಮಲಯಾಳದಲ್ಲಿ ಪೋಕ್ಕುವರವು ಎನ್ನುತ್ತಾರೆ, ಹೋಗುವುದು-ಬರುವುದು ಎಂದು ಅರ್ಥ. ನಾವು ಹೋದದ್ದು-ಬಂದದ್ದು ಒಟ್ಟು ಏಳು ಸಲ.

ಈಗ ತೀರ್ವೆ ರಶೀದಿ ಮೂವರ ಹೆಸರಿನಲ್ಲಿ ಬರುತ್ತದೆ. ಟ್ರಂಕು ನನ್ನ ಪುತ್ತೂರಿನ ಮನೆಯಲ್ಲಿದೆ, ಪ್ರತಿ ಕಟ್ಟಿನ ಮೇಲೂ ಕನ್ನಡದ ಚೀಟಿ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಗ ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾನೆ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.