ರಾಜದೂತ್ 350ಕ್ಕೆ ಫೇರಿಂಗ್ ಕೂರಿಸಿದ್ದು

ನನ್ನದು ರಾಜದೂತ್ 350. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಹೊರತಂದ 347 ಸಿಸಿಯ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಬೈಕು. ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೊರಟರೆ ವಂಟಮುರಿ ಘಾಟ್ ಹತ್ತಿರ ಗಾಳಿ ಎದೆಗೇ ಬಡಿಯುತ್ತದೆ. ಅದಕ್ಕೇ ಫೇರಿಂಗ್, ಅಂದರೆ ಗಾಳಿ ತಡೆಯಲು ಗಾಡಿಯ ಮುಂದೆ ಕೂರಿಸುವ ಹೊದಿಕೆ, ಹಾಕಬೇಕು ಅನ್ನಿಸಿತು. ಆರಿಸಿದ್ದು ಮೇಲ್ಭಾಗವನ್ನಷ್ಟೇ ಮುಚ್ಚುವ ಅರ್ಧ ಫೇರಿಂಗ್. ಈ ಎಂಜಿನ್ ತಣ್ಣಗಾಗುವುದು ಗಾಳಿಯಿಂದಲೇ. ಸಿಲಿಂಡರ್ ಮುಚ್ಚಿಬಿಟ್ಟರೆ ಕಥೆ ಮುಗೀತು.

ಮೊದಲು ಗಾಡಿ ನೇರ ಇದೆಯಾ ನೋಡಬೇಕು. ಇಷ್ಟು ಹಳೇ ಗಾಡಿ ಎಲ್ಲೋ ಒಮ್ಮೆ ಬಿದ್ದೇ ಇರುತ್ತದೆ. ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಸಡಿಲ ಇದ್ದರೆ ಅದನ್ನು ಸರಿಮಾಡಿ, ಆಮೇಲೆ ಮುಂದಿನ ಮಾತು. ನಾನು ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ಪ್ಲೈವುಡ್ ಚೂರು ಕೊಟ್ಟು, ಹಿಂದಿನ ಚಕ್ರ ರಸಮಟ್ಟದಲ್ಲಿ ನೆಟ್ಟಗೆ ಬರೋವರೆಗೂ ಬಿಡಲಿಲ್ಲ. ನಂತರ ಹಿಂದಿನ ಟೈರಿನ ಎರಡೂ ಮಗ್ಗುಲಿಗೆ ತಾಗಿಸಿ ಮುಂದಿನವರೆಗೆ ದಾರ ಎಳೆದೆ. ಮುಂದಿನ ಟೈರ್ ಅಗಲ ಕಡಿಮೆ. ಹಾಗಾಗಿ ದಾರಕ್ಕೂ ಟೈರಿಗೂ ನಡುವೆ ಎರಡೂ ಕಡೆ ಅಷ್ಟೇ ಸಂದು ಉಳಿಯಬೇಕು. ಉಳಿಯದಿದ್ದರೆ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು) ಕ್ಲಾಂಪಿನ ಬೋಲ್ಟ್ ಸಡಿಲಿಸಿ ಚಕ್ರ ತಿರುಗಿಸಿ ನೋಡಿ. ಸುಮಾರು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇನ್ನು ಅಳತೆ. ಫೈಬರ್ ಫೇರಿಂಗ್ ಕೈಯಿಂದ ಮಾಡಿದ ಮಾಲು, ಎಡಬಲ ಒಂದೇ ಸಮ ಇರುವುದಿಲ್ಲ. ಅಂಚಿನಿಂದ ಅಳೆಯುತ್ತಾ ಕೂತರೆ ತಲೆ ಕೆಡುತ್ತದೆ. ನೋಡುವವರ ಕಣ್ಣು ಮೊದಲು ಹೋಗುವುದು ಹೆಡ್‌ಲೈಟಿಗೆ, ಅಲ್ವಾ? ನಾನು ಅಳತೆಗೆ ಹೆಡ್‌ಲೈಟ್ ತೂತಿನ ನಡುಮಧ್ಯವನ್ನೇ ಹಿಡಿದುಕೊಂಡೆ. ಫೇರಿಂಗನ್ನು ಮೇಲಿನ ಜಂತಿಯಿಂದ ಹಗ್ಗದಲ್ಲಿ ಇಳಿಬಿಟ್ಟು, ದೂರ ನಿಂತು ನೋಡಿ, ಮತ್ತೆ ಹತ್ತಿರ ಬಂದು ಸರಿಸಿದೆ. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕ್ಲಚ್ ಲಿವರ್, ಬ್ರೇಕ್ ಕೇಬಲ್, ಮೀಟರ್ ಯಾವುದೂ ತಾಗದಂತೆ ಎರಡು ಬೆರಳು ಜಾಗ ಬಿಟ್ಟೆ. ಗೆಳೆಯ ಸೀಟಿನ ಮೇಲೆ ಕೂತು ಫೋರ್ಕ್ ಜೋರಾಗಿ ಒತ್ತಿದಾಗ ಮಡ್‌ಗಾರ್ಡ್ ಎಲ್ಲಿಗೆ ಬರುತ್ತದೆ ಅಂತಲೂ ನೋಡಿದೆ. ಇದನ್ನು ಬಿಟ್ಟವರ ಫೇರಿಂಗ್ ಮೊದಲ ದೊಡ್ಡ ಗುಂಡಿಯಲ್ಲೇ ಒಡೆಯುತ್ತದೆ.

ಫೇರಿಂಗನ್ನು ಗಾಡಿಗೆ ಹಿಡಿಸುವ ಬ್ರಾಕೆಟ್ ಮೊದಲು ರಟ್ಟಿನಲ್ಲಿ ಕತ್ತರಿಸಿಕೊಂಡೆ. ಅದನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಒಯ್ದು 3 ಮಿ.ಮೀ. ಕಬ್ಬಿಣದ ಪಟ್ಟಿಯಲ್ಲಿ ಮಾಡಿಸಿದೆ. ಚಾಸಿಸ್ಸಿಗೆ ವೆಲ್ಡಿಂಗ್ ಬೇಡವೇ ಬೇಡ. ಮುಂದೆ ಚಾಸಿಸ್ಸಿನದೇ ಎರಡು ಪೈಪ್ ಇಳಿಯುತ್ತವಲ್ಲ, ಅವಕ್ಕೆ ರಬ್ಬರ್ ಸುತ್ತಿ ಕ್ಲಾಂಪ್ ಹಾಕಿದರೆ ಸಾಕು. ಬ್ರಾಕೆಟ್ಟಿನಲ್ಲಿ ಗುಂಡು ತೂತಿನ ಬದಲು ಉದ್ದ ತೂತು ಹಾಕಿಸಿ, ಆಮೇಲೆ ಸರಿಸಲು ಬರುತ್ತದೆ. ಅಲ್ಲಿನ ವೆಲ್ಡರ್ ಹೇಳಿದ್ದನ್ನು ಎಲ್ಲರೂ ಕೇಳಬೇಕು: “ಸಾಹೇಬ್ರ, ಬೋಲ್ಟ್ ಹಾಕಿ ಎಳದ್ ಕೂಡಸಬ್ಯಾಡ್ರಿ. ಅದು ತಾನಾಗೇ ಬಂದ್ ಕೂಡಬೇಕ್ರಿ, ಇಲ್ಲಂದ್ರ ಸೀಳತೈತಿ.” ಪೂರ್ತಿ ಕೆಲಸದ ಜೀವ ಈ ಮಾತಿನಲ್ಲಿದೆ. ತೂತಿಗೆ ಬೋಲ್ಟ್ ಸುಮ್ನೆ ಬೆರಳಿನಿಂದ ಹೋಗುತ್ತಿಲ್ಲ ಅಂದರೆ ಬ್ರಾಕೆಟ್ ತಿದ್ದಬೇಕು, ಫೈಬರನ್ನು ಬಗ್ಗಿಸಬಾರದು.

ಫೈಬರಿಗೆ ತೂತು ಹಾಕುವಾಗ ಮೇಲೆ ಟೇಪ್ ಅಂಟಿಸಿ ಸಣ್ಣ ಬಿಟ್‌ನಿಂದ ಶುರುಮಾಡಿ. ತೂತು ರಬ್ಬರ್ ಬುಷ್ ಹಿಡಿಸುವಷ್ಟು ದೊಡ್ಡದಿರಲಿ. ಬುಷ್ ಒಳಗೆ ಲೇಥಿನಲ್ಲಿ ಮಾಡಿಸಿದ ಚಿಕ್ಕ ಕಬ್ಬಿಣದ ಕೊಳವೆ, ಎರಡೂ ಕಡೆ ಅಗಲ ವಾಷರ್, ಹಿಂದೆ ನೈಲಾಕ್ ನಟ್ (ನಡುಕಕ್ಕೆ ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್). ಕೊಳವೆ ಇದ್ದರೆ ಎಷ್ಟು ಬಿಗಿದರೂ ಒತ್ತಡ ಕಬ್ಬಿಣದ ಮೇಲೆ ಹೋಗುತ್ತದೆ, ಫೈಬರ್ ಜಜ್ಜುವುದಿಲ್ಲ. ಟೂ-ಸ್ಟ್ರೋಕ್ ನಡುಕಕ್ಕೆ ಇದೇ ಮದ್ದು.

ವೈರಿಂಗ್‌ನಲ್ಲಿ ಒಂದು ವಿಷಯ. ಈ ಗಾಡಿಯ ಹೆಚ್ಚಿನ ವೈರ್ ಸಾಕೆಟ್‌ಗಳು ಹೆಡ್‌ಲೈಟ್ ಡೂಮ್ (ದೀಪದ ಹಿಂದಿನ ಬಟ್ಟಲು) ಒಳಗೇ ಇರುತ್ತವೆ. ಡೂಮ್ ತೆಗೆದ ಮೇಲೆ ಅವನ್ನು ಮಳೆನೀರು ತಾಗದ ಡಬ್ಬಿಯಲ್ಲಿ ಇಡಬೇಕು. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಬಾಡಿಯಿಂದ ಅರ್ತಿಂಗ್ ಪಡೆಯುತ್ತಿದ್ದ ದೀಪ, ಇಂಡಿಕೇಟರ್‌ಗಳನ್ನು ಫೇರಿಂಗ್ ಮೇಲೆ ಕೂರಿಸಿದರೆ ಪ್ರತಿಯೊಂದಕ್ಕೂ ಬೇರೆ ಅರ್ತಿಂಗ್ ವೈರ್ ಎಳೆಯಲೇಬೇಕು.

ಕೊನೆಯದಾಗಿ ನೋಡಿದ್ದು ಪ್ಲಗ್. ಟೂ-ಸ್ಟ್ರೋಕ್‌ನಲ್ಲಿ ದಾರಿ ಮಧ್ಯೆ ಪ್ಲಗ್‌ಗೆ ಕರಿ ಕಟ್ಟುವುದು ಇದ್ದದ್ದೇ. ಫೇರಿಂಗ್ ಬಿಚ್ಚದೇ ಪ್ಲಗ್ ಪಾನಾ ಎರಡೂ ಕಡೆ ಒಳಗೆ ಹೋಗಿ ತಿರುಗುವಂತಿರಬೇಕು. ನನ್ನ ಗಾಡಿಯಲ್ಲಿ ಬಲಗಡೆ ಅಂಚು ಸ್ವಲ್ಪ ಅಡ್ಡ ಬರುತ್ತಿತ್ತು. ಅಲ್ಲಿ ಅರ್ಧ ಇಂಚು ಉಜ್ಜಿ ತೆಗೆದು, ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿದೆ.