ಪ್ರೀಸೆಟ್‌ಗೆ ಕೈ ಹಾಕುವ ಮುನ್ನ ಬೋರ್ಡಿನ ಅಂಚಿನಲ್ಲಿ ಅಳೆಯಿರಿ

'ಅಣ್ಣಾರ, ಸಪ್ಲೈದಾಗ 5 ವೋಲ್ಟ್ ಸರಿಯಾಗೇ ಬರಾಕತ್ತೈತ್ರಿ, ಬೋರ್ಡೇ ಹೋಗೇತಿ.' ಹಳೆಯ ವಿಡಿಯೊ ಗೇಮ್ ಮಷೀನು ಇಟ್ಟುಕೊಂಡವರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಕಳೆದ ಮಳೆಗಾಲದಲ್ಲಿ ಬೆಳಗಾವಿಯ ಶಹಾಪುರದ ಗೋದಾಮೊಂದರಲ್ಲಿ ಕಂಡದ್ದೂ ಇದೇ. ನಮ್ಮಲ್ಲಿ 'ಮುಸ್ತಫಾ' ಎಂದೇ ಹೆಸರಾದ, ಕ್ಯಾಪ್‌ಕಾಮ್‌ನ 1993ರ ಆಟ ಶುರುವಾಗುತ್ತಿತ್ತು, ಎರಡು ನಿಮಿಷಕ್ಕೆ ತಾನಾಗಿ ರೀಸೆಟ್ ಆಗುತ್ತಿತ್ತು. ಬೋರ್ಡು ಚೆನ್ನಾಗಿಯೇ ಇತ್ತು. ಅದಕ್ಕೆ ಸಿಗಬೇಕಾದ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತಿತ್ತು.

ಮೊದಲು ಜೀವದ ಮಾತು. ಪಿಕ್ಚರ್ ಟ್ಯೂಬಿನ ಆ್ಯನೋಡ್‌ನಲ್ಲಿ 20,000 ವೋಲ್ಟ್ ಆಸುಪಾಸು ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು. ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಬೋರ್ಡಿಗೆ ಬೇಕಾದ ಸಣ್ಣ ವೋಲ್ಟೇಜಾಗಿಸುವ ಸಪ್ಲೈ ಡಬ್ಬಿ) ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ನಿಂತಿರುತ್ತದೆ. ಮಾನಿಟರ್ ಕಡೆ ಕೈ ಚಾಚಬೇಡಿ, ಎಸ್‌ಎಂಪಿಎಸ್ ಮುಚ್ಚಳ ಬಿಚ್ಚಬೇಡಿ.

ಪ್ಲಗ್, ಫ್ಯೂಸ್ ನೋಡಿ. 110/220 ಸ್ವಿಚ್ ಇದ್ದರೆ ಅದು 220ರಲ್ಲೇ ಇರಲಿ. ವೋಲ್ಟೇಜು ಅಳೆಯುವ ಮಲ್ಟಿಮೀಟರಿಗೆ ಹೊಸ ಸೆಲ್ ಹಾಕಿ. ಸೆಲ್ ಇಳಿದ ಡಿಜಿಟಲ್ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಅದನ್ನು ನಂಬಿ ಕೂತರೆ ದಿನವೆಲ್ಲ ಹಾಳು.

ಈಗ ಜನ ತಪ್ಪುವ ಜಾಗ. ಎಸ್‌ಎಂಪಿಎಸ್‌ನ ಹೊರಗೆ ತಂತಿ ಕೂರಿಸುವ ಸ್ಕ್ರೂ ಮೇಲೆ ಮೀಟರಿನ ಪ್ರೋಬ್ ಇಟ್ಟು 5.05 ಕಂಡರೆ ಅದು ಎಸ್‌ಎಂಪಿಎಸ್‌ನ ವೋಲ್ಟೇಜು, ಬೋರ್ಡಿನದಲ್ಲ. ಬೋರ್ಡು ಸಿಕ್ಕಿಸಿ, ಆಟ ಓಡುತ್ತಿರುವಾಗ ಬೋರ್ಡಿನ ಮೇಲೆಯೇ ಅಳೆಯಬೇಕು. ಆಟದ ಬೋರ್ಡುಗಳ ತಂತಿ ಜೋಡಣೆಗೆ 1985ರಲ್ಲಿ ಬಂದ ಜಾಮಾ ಎಂಬ ಸಾಮಾನ್ಯ ಪದ್ಧತಿಯ ಬೋರ್ಡಿನ ಅಂಚಿನಲ್ಲಿ 1, 2ನೇ ಪಿನ್ನು ಗ್ರೌಂಡ್. 3, 4 ಪ್ಲಸ್ 5. 5 ಮೈನಸ್ 5. 6 ಪ್ಲಸ್ 12. ಪ್ಲಸ್ 5ರ ಪಕ್ಕದಲ್ಲೇ ಮೈನಸ್ 5, ಅದರ ಪಕ್ಕದಲ್ಲೇ 12. ಪ್ರೋಬ್ ಒಂದು ಕೂದಲೆಳೆ ಜಾರಿದರೂ ಬೋರ್ಡು ಸುಟ್ಟೀತು. ನಾನು ಪ್ರೋಬಿನ ತುದಿ ಮಾತ್ರ ಕಾಣುವಂತೆ ಮೇಲೆ ಸ್ಲೀವ್ ಹಾಕಿಕೊಳ್ಳುತ್ತೇನೆ. ಇನ್ನೂ ಒಳ್ಳೆಯ ಜಾಗವೆಂದರೆ ಬೋರ್ಡಿನ ನಡುವಿನ 74 ಎಲ್‌ಎಸ್ ಸರಣಿಯ 14 ಕಾಲಿನ ಐಸಿ: ಸಾಮಾನ್ಯವಾಗಿ 7ನೇ ಕಾಲು ಗ್ರೌಂಡ್, 14ನೇದು 5 ವೋಲ್ಟ್. ಈ ಐಸಿಗಳಿಗೆ 4.75ರಿಂದ 5.25ರವರೆಗೆ ಬೇಕು. ಅದಕ್ಕಿಂತ ಇಳಿದರೆ ರೀಸೆಟ್, ಚಿತ್ರದಲ್ಲಿ ಕಸ.

ಶಹಾಪುರದ ಮಷೀನಿನಲ್ಲಿ ಸ್ಕ್ರೂ ಮೇಲೆ 5.05, ಐಸಿ ಮೇಲೆ 4.58. ಅರ್ಧ ವೋಲ್ಟಿನಷ್ಟು ಎಲ್ಲಿ ಹೋಯಿತು? ಇದನ್ನು ಹುಡುಕಲು ಪ್ರೋಬನ್ನು ಗ್ರೌಂಡ್‌ನಿಂದ ತೆಗೆಯಿರಿ. ಒಂದು ಪ್ರೋಬನ್ನು ಎಸ್‌ಎಂಪಿಎಸ್‌ನ ಪ್ಲಸ್ 5 ಸ್ಕ್ರೂ ಮೇಲೆ, ಇನ್ನೊಂದನ್ನು ಐಸಿಯ 14ನೇ ಕಾಲಿನ ಮೇಲೆ ಇಡಿ. ಮೀಟರ್ ತೋರಿಸುವುದೇ ಆ ದಾರಿಯ ನಷ್ಟ. ಅಲ್ಲಿ ಬಂದದ್ದು 0.12. ಆಮೇಲೆ ಗ್ರೌಂಡ್ ಸ್ಕ್ರೂನಿಂದ 7ನೇ ಕಾಲಿಗೆ ಅದೇ ರೀತಿ ಇಟ್ಟೆ: 0.35. ಗ್ರೌಂಡ್ ತಂತಿಯನ್ನು ಯಾರೂ ಅಳೆಯುವುದಿಲ್ಲ, ಕಳ್ಳ ಬಹಳ ಸಲ ಅಲ್ಲೇ ಕೂತಿರುತ್ತಾನೆ. ಜೋಡಣೆಯಲ್ಲಿ ಓಮ್‌ನ ಹತ್ತನೇ ಒಂದು ಪಾಲು ಅಡ್ಡಿಯಿದ್ದು, ಬೋರ್ಡು 4 ಆ್ಯಂಪಿಯರ್ ಎಳೆದರೆ 0.4 ವೋಲ್ಟ್ ಅಲ್ಲೇ ಖರ್ಚು. ಬೆಳಗಾವಿಯ ಮಳೆಯ ತೇವಕ್ಕೆ ತಿಂಗಳುಗಟ್ಟಲೆ ಬಿಟ್ಟ ಕನೆಕ್ಟರಿನಲ್ಲಿ ಇಷ್ಟು ಅಡ್ಡಿ ತರುವ ಕಿಲುಬು ಕೂರುವುದು ದೊಡ್ಡ ಮಾತಲ್ಲ.

ಮಷೀನು ಆರಿಸಿ, ಪ್ಲಗ್ ಕಿತ್ತು, ಬೋರ್ಡಿನ ಅಂಚಿನ, ಕನೆಕ್ಟರಿಗೆ ಸಿಕ್ಕಿಕೊಳ್ಳುವ ಹೊಂಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಉಪ್ಪು ಕಾಗದ ಖಂಡಿತ ಬೇಡ, ಲೇಪನ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ ತೊಳೆಯುತ್ತ ಕೂರದೆ ಹೊಸದು ಹಾಕಿ. ಎಸ್‌ಎಂಪಿಎಸ್‌ನ ಸ್ಕ್ರೂಗಳಿಗೆ ಸಿಕ್ಕಿಸಿದ ಸಡಿಲ ತಂತಿ ತುದಿಗಳನ್ನೂ (ಲಗ್) ಬಿಗಿ ಮಾಡಿ. ಬೋರ್ಡು ವಾಪಸ್ ಸಿಕ್ಕಿಸುವಾಗ ತಿರುಗುಮುರುಗು ಆಗದಂತೆ ಎರಡು ಸಲ ನೋಡಿ.

ಇಷ್ಟಾದ ಮೇಲೆ ಮತ್ತೆ ಅಳೆದು, ಬೇಕೆನಿಸಿದರೆ ಮಾತ್ರ ಎಸ್‌ಎಂಪಿಎಸ್‌ನ ಪ್ರೀಸೆಟ್, ಅಂದರೆ ವೋಲ್ಟೇಜು ಏರಿಸಿ ಇಳಿಸುವ ಪುಟ್ಟ ತಿರುಪು, ಮುಟ್ಟಿ. ಕೂದಲಷ್ಟು ತಿರುಗಿಸಿ, ನಿಲ್ಲಿಸಿ, ಮೀಟರ್ ನೋಡಿ. ಐಸಿ ಮೇಲೆ 5.00ರಿಂದ 5.05 ಸಾಕು. ಕೊಳಕು ಕನೆಕ್ಟರ್ ಹಾಗೇ ಬಿಟ್ಟು ಪ್ರೀಸೆಟ್ ಏರಿಸುವುದು ಸುಲಭದ ದಾರಿ ಎಂದು ಹೇಳಿಕೊಡುವವರಿದ್ದಾರೆ. ಹೀಗೆ 5.6ಕ್ಕೆ ಏರಿಸಿಟ್ಟಿದ್ದ ಮಷೀನೊಂದಕ್ಕೆ ಆಮೇಲೆ ಯಾರೋ ಹೊಸ ಕನೆಕ್ಟರ್ ಹಾಕಿದರು. ಅಷ್ಟೂ ವೋಲ್ಟೇಜು ನೇರ ಬೋರ್ಡಿಗೆ ನುಗ್ಗಿತು, ಮೆಮೊರಿ ಐಸಿಗಳು ಸತ್ತವು. ಆ ಬೋರ್ಡು ಇನ್ನೂ ನನ್ನ ಕಪಾಟಿನಲ್ಲಿದೆ.

ಕಂಪ್ಯೂಟರಿನ ಎಸ್‌ಎಂಪಿಎಸ್ ಹಾಕಿಬಿಡಿ ಎನ್ನುವ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಈಗಿನವುಗಳಲ್ಲಿ ಮೈನಸ್ 5 ಇಲ್ಲ, ಕೆಲವು ಹಳೆ ಬೋರ್ಡುಗಳ ಸದ್ದಿಗೆ ಅದು ಬೇಕು. ವೋಲ್ಟೇಜು ತಿದ್ದಲು ಹೊರಗೆ ಪ್ರೀಸೆಟ್ ಕೂಡ ಇರುವುದಿಲ್ಲ. ಹಾಗೆಯೇ ಮುಸ್ತಫಾದ ಅಸಲಿ ಬೋರ್ಡು ನಿಮ್ಮ ಬಳಿಯಿದ್ದರೆ ಅದರ ಬ್ಯಾಟರಿ ಹಳೆಯದಾಯಿತೆಂದು ಸುಮ್ಮನೆ ಕೀಳಬೇಡಿ. ಆಟದ ಗುಪ್ತಲಿಪಿಯನ್ನು ಬಿಡಿಸುವ ಕೀಲಿ ಅದರ ಬಲದಲ್ಲೇ ಬೋರ್ಡಿನ ನೆನಪಿನಲ್ಲಿ ನಿಂತಿದೆ.

ಅರ್ಧ ಗಂಟೆ ಆಟ ಓಡಲಿ, ಎಲ್ಲ ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆಯಿರಿ. ಸ್ಕ್ರೂ ಮೇಲೆ ಎಷ್ಟು, ಐಸಿ ಮೇಲೆ ಎಷ್ಟು, ಯಾವ ತಾರೀಕು ಎಂದು ಚೀಟಿಯಲ್ಲಿ ಬರೆದು ಮಷೀನಿನ ಹಿಂಬಾಗಿಲಿನ ಒಳಗೆ ಅಂಟಿಸಿ.