ಏನೂ ಹಾಕದ ಲೋಟ

ಆರನೇ ಕ್ಲಾಸಿನಲ್ಲಿದ್ದಾಗ ನನಗೆ ಕಾಮಾಲೆ ಆಗಿತ್ತು. ಕಣ್ಣೆಲ್ಲ ಅರಿಶಿನ, ಅನ್ನ ಕಂಡರೆ ವಾಕರಿಕೆ. ಅಜ್ಜಿ ಪಕ್ಕದ ಊರಿನಿಂದ ನಾಟಿ ಔಷಧಿ ತರಿಸಿದರು. ಮೂರು ದಿನ ಬೆಳಗ್ಗೆ ಹಸಿ ಹೊಟ್ಟೆಯಲ್ಲಿ ಹಾಲಿನ ಜೊತೆ ಸೊಪ್ಪಿನ ರಸ. ಉಪ್ಪು, ಖಾರ, ಎಣ್ಣೆ ಎಲ್ಲ ಬಂದ್. ಮೂರ್ನಾಲ್ಕು ವಾರಕ್ಕೆ ಕಣ್ಣು ತಿಳಿಯಾಯಿತು. "ಔಷಧಿ ಹಿಡೀತು" ಅಂದರು ಎಲ್ಲರೂ. ನಾನೂ ನಂಬಿದೆ. ಬಿ.ಎಸ್ಸಿ., ಬಿ.ಎಡ್. ಮುಗಿಸಿ, ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನ ಟೀಚರ್ ಆಗಿ ಸೇರಿದ ಮೇಲೂ ನಂಬಿದ್ದೆ.

ಒಂದು ದಿನ ಪಿತ್ತಜನಕಾಂಗದ ಪಾಠಕ್ಕೆ ಅಂತ ಓದುತ್ತಾ ಕೂತಿದ್ದಾಗ ಗೊತ್ತಾಯಿತು. ಮಕ್ಕಳಲ್ಲಿ ಕಾಮಾಲೆಗೆ ದೊಡ್ಡ ಕಾರಣ ಕೊಳಕು ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ವೈರಸ್. ಅದು ಬಹುತೇಕ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಪುಸ್ತಕ ಮುಚ್ಚಿಟ್ಟು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಔಷಧಿ ಕೊಟ್ಟಿದ್ದನ್ನೂ ನಾನು ಗುಣವಾಗಿದ್ದನ್ನೂ ಕಣ್ಣಾರೆ ಕಂಡಿದ್ದರು. ಔಷಧಿ ಕುಡಿಯದ ಮಗು ಏನಾಯಿತು ಅಂತ ಮಾತ್ರ ಅವರು ನೋಡಿರಲಿಲ್ಲ, ಅಷ್ಟೇ. ಆದರೆ ಎಲ್ಲ ಕಾಮಾಲೆಯೂ ಹೀಗೆ ಬಿಟ್ಟು ಹೋಗುವುದಿಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ, ಇಲಿಜ್ವರ ಇದ್ದರೆ, ಹುಟ್ಟಿದ ಮಗುವಿಗೆ ಜಾಸ್ತಿ ಆದರೆ ಮೂರು ದಿನ ಸೊಪ್ಪಿನ ರಸ ಕುಡಿಸುತ್ತಾ ಕಾಯುವುದೇ ಅಪಾಯ.

ಇದನ್ನು ಕ್ಲಾಸಿಗೆ ತರಬೇಕು ಅಂತ ಅನ್ನಿಸಿದ್ದು ನಮ್ಮ ಬೀದಿಯ ಹುಡುಗನೊಬ್ಬನಿಗೆ ಡೆಂಗಿ ಬಂದಾಗ. ಪಪ್ಪಾಯ ಎಲೆ ರಸ ಕುಡಿಸಿದರೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, ಏರುತ್ತದೆ ಅಂತ ಅವರಮ್ಮನಿಗೆ ವಾಟ್ಸಾಪ್‌ನಲ್ಲಿ ಬಂದಿತ್ತು. ಕುಡಿಸಿದರು. ಐದನೇ ದಿನ ಜ್ವರ ಬಿಟ್ಟಿತು. ಗೆದ್ದೆವು ಅಂದುಕೊಂಡರು. ಆದರೆ ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ ಹೊತ್ತು. ಆಗ 24ರಿಂದ 48 ಗಂಟೆ ರಕ್ತನಾಳಗಳಿಂದ ನೀರಿನಂಶ ಸೋರಬಹುದು. ಹುಡುಗನಿಗೆ ವಾಂತಿ ನಿಲ್ಲಲಿಲ್ಲ, ಹೊಟ್ಟೆನೋವು ಅಂತ ಅಳುತ್ತಿದ್ದ. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಿದ ಮೇಲೆ ಉಳಿದುಕೊಂಡ. ಆ ಹಂತ ದಾಟಿದವರಿಗೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ, ರಸ ಕುಡಿದವರಿಗೂ ಕುಡಿಯದವರಿಗೂ. ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ಆ ಸೋರಿಕೆ. ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆ ನೋಡುತ್ತಾ ಕೂತರೆ ಅದು ಕಣ್ಣು ತಪ್ಪುತ್ತದೆ. ಅವರಮ್ಮ ನನ್ನನ್ನೂ ಕೇಳಿದ್ದರು, "ಟೀಚರಮ್ಮಾ, ಕುಡಿಸಬಹುದಾ?" ಅಂತ. ನಾನು "ಏನೂ ಆಗಲ್ಲ, ಕುಡಿಸಿ" ಅಂದಿದ್ದೆ. ಆ ಮಾತು ಈಗಲೂ ಕೊರೆಯುತ್ತದೆ.

ಮಾರನೇ ವಾರ ಒಂಬತ್ತನೇ ಕ್ಲಾಸಿಗೆ ಒಂದು ಸ್ಟೀಲ್ ಲೋಟ ತಗೊಂಡು ಹೋದೆ. ಒಳಗೆ ಒದ್ದೆ ಹತ್ತಿ, ಮೇಲೆ 20 ಹೆಸರುಕಾಳು. ಸಣ್ಣ ಬಾಟಲಿಯಲ್ಲಿ ಅರಿಶಿನ ಕದಡಿದ ನೀರು. "ಇದು ಮೊಳಕೆ ಔಷಧಿ, ದಿನಾ ಮೂರು ತೊಟ್ಟು ಹಾಕಿ" ಅಂದೆ. ಸರದಿ ಮೇಲೆ ಮಕ್ಕಳು ಹಾಕಿದರು. ಮೂರನೇ ದಿನ ಎಣಿಸಿದರೆ 18 ಕಾಳು ಮೊಳಕೆ ಒಡೆದಿದ್ದವು.

"ಔಷಧಿ ಕೆಲಸ ಮಾಡ್ತಾ?"

"ಮಾಡ್ತು ಮಿಸ್!" ಇಡೀ ಕ್ಲಾಸು ಕೂಗಿತು.

ಆಮೇಲೆ ಬೀರುವಿನಿಂದ ಇನ್ನೊಂದು ಲೋಟ ತೆಗೆದೆ. ಅದೇ ದಿನ ಇಟ್ಟ ಅಷ್ಟೇ ಕಾಳು, ಬರೀ ನೀರು. ಅದರಲ್ಲಿ 19 ಒಡೆದಿದ್ದವು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಹಂಗಾದ್ರೆ ಔಷಧಿ ಏನೂ ಮಾಡ್ಲೇ ಇಲ್ವಾ ಮಿಸ್?" ಪಕ್ಕದವನು ಇನ್ನೂ ಮುಂದೆ ಹೋದ: "ಔಷಧಿ ಹಾಕಿದ್ದಕ್ಕೇ ಒಂದು ಕಾಳು ಕಮ್ಮಿ ಆಯ್ತು!"

ಈ ಎರಡನೇ ಮಾತು ನಾನು ಎಣಿಸಿರಲಿಲ್ಲ. ಆದರೆ ಅದೇ ಒಳ್ಳೆಯ ಪಾಠವಾಯಿತು. ಐದು ಗುಂಪು ಮಾಡಿ, ಪ್ರತಿ ಗುಂಪಿಗೂ ಎರಡೆರಡು ಲೋಟ ಕೊಟ್ಟು ಮತ್ತೆ ಮಾಡಿಸಿದೆ. ಮೂರು ಗುಂಪಿನಲ್ಲಿ ಔಷಧಿಯ ಲೋಟ ಮುಂದೆ, ಒಂದರಲ್ಲಿ ಸಮ, ಒಂದರಲ್ಲಿ ಹಿಂದೆ. ಒಂದೆರಡು ಕಾಳಿನ ಹೆಚ್ಚುಕಮ್ಮಿ ಸುಮ್ನೆ ಹಾಗೇ ಆಗುತ್ತದೆ ಅಂತ ನಾನು ಹೇಳಬೇಕಾಗಲಿಲ್ಲ. ಆಗ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಕತೆ ಹೇಳಿದೆ. 1747ರಲ್ಲಿ ಸ್ಯಾಲಿಸ್‌ಬರಿ ಅನ್ನುವ ಬ್ರಿಟಿಷ್ ಹಡಗಿನಲ್ಲಿ ವಸಡು ಊದಿ ರಕ್ತ ಒಸರುವ ಸ್ಕರ್ವಿ ರೋಗದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಊಟ ಎಲ್ಲರಿಗೂ ಒಂದೇ. ಒಂದು ಜೋಡಿಗೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಕಿತ್ತಳೆ ನಿಂಬೆ, ಹೀಗೆ. ಕಿತ್ತಳೆ ತಿಂದ ಇಬ್ಬರೇ ಬೇಗ ಚೇತರಿಸಿಕೊಂಡಿದ್ದು. "ಎಲ್ಲರಿಗೂ ಕಿತ್ತಳೇನೇ ಕೊಟ್ಟಿದ್ರೆ ಸಮುದ್ರದ ಗಾಳಿಗೆ ವಾಸಿ ಆಯ್ತು ಅನ್ನೋರು" ಅಂದ ಒಬ್ಬ. ಆವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈಗ ಯಾವ ಸಂದೇಶ ಬಂದರೂ ನಮ್ಮ ಕ್ಲಾಸಿನಲ್ಲಿ ಮೊದಲ ಪ್ರಶ್ನೆ ಒಂದೇ: ಏನೂ ಹಾಕದ ಲೋಟ ಎಲ್ಲಿ?

ಮದ್ದಿನ ಸಂದೇಶಕ್ಕೆ ಮಾತ್ರ ಅಲ್ಲ, ಹೆದರಿಸುವ ಸಂದೇಶಕ್ಕೂ ಇದೇ ಪ್ರಶ್ನೆ ಸಾಕಾಗುತ್ತದೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ, ಅದರಿಂದ ಮಕ್ಕಳಿಗೆ ತೊಂದರೆ ಅಂತ ಮೊಬೈಲುಗಳಲ್ಲಿ ಏನೇನೋ ಹರಿದಾಡಿತು. ಇಂಥ ಭಯಕ್ಕೆ ಹಳೆಯ ಬೇರು ಇದೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನುವ ಬ್ರಿಟಿಷ್ ವೈದ್ಯ, ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ, ಮಕ್ಕಳ ಮಾತು, ಒಡನಾಟ ಬೇರೆ ರೀತಿ ಬೆಳೆಯುವ ಆಟಿಸಂಗೂ ನಂಟಿದೆ ಅನ್ನಿಸುವ ಲೇಖನ ಪ್ರಕಟಿಸಿದ. ಅದರಲ್ಲಿದ್ದದ್ದು 12 ಮಕ್ಕಳು. ಹೋಲಿಸಿ ನೋಡಲು ಲಸಿಕೆ ಹಾಕಿಸದ ಮಕ್ಕಳೇ ಇಲ್ಲ. 2010ರಲ್ಲಿ, ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಲೇಖನವನ್ನು ಹಿಂದಕ್ಕೆ ಪಡೆಯಿತು, ಅದೇ ವರ್ಷ ಅವನ ವೈದ್ಯ ನೋಂದಣಿಯೂ ರದ್ದಾಯಿತು. 2019ರಲ್ಲಿ ಡೆನ್ಮಾರ್ಕ್‌ನವರು 6.5 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದರು. ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಜಾಸ್ತಿ ಇರಲಿಲ್ಲ. ಅಲ್ಲಿ ಎರಡೂ ಲೋಟ ಇದ್ದವು.

ಮಕ್ಕಳಿಗಿಂತ ದೊಡ್ಡವರ ಜೊತೆ ಮಾತಾಡುವುದು ಕಷ್ಟ. ನಮ್ಮ ಚಿಕ್ಕಪ್ಪನಿಗೆ ಶುಗರ್ ಇದೆ. ಬೆಂಡೆಕಾಯಿ ನೆನೆಸಿದ ನೀರು ಕುಡಿದು ಶುಗರ್ ಇಳಿದಿದೆ ಅಂತ ಹಬ್ಬದ ದಿನ ಎಲ್ಲರ ಮುಂದೆ ಹೇಳಿದರು. "ಅದೆಲ್ಲ ಸುಳ್ಳು" ಅಂದುಬಿಟ್ಟೆ. ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದರು. ಎರಡು ತಿಂಗಳು ಸರಿಯಾಗಿ ಮಾತಿಲ್ಲ. ಆಮೇಲೊಮ್ಮೆ ಹಿತ್ತಲಲ್ಲಿ ಇಬ್ಬರೇ ಕೂತಿದ್ದಾಗ ಮೆಲ್ಲಗೆ ಕೇಳಿದೆ, "ಚಿಕ್ಕಪ್ಪಾ, ಆ ನೀರಿನ ಜೊತೆ ಮಾತ್ರೆನೂ ತಗೋತಿದ್ದೀರಾ?"

"ಮಾತ್ರೆ ಬಿಟ್ಟಿಲ್ಲಮ್ಮ. ಬೆಳಗ್ಗೆ ನಡೀತೀನಿ. ರಾತ್ರಿ ಅನ್ನ ಬಿಟ್ಟು ಒಂದೇ ಮುದ್ದೆ."

"ಹಂಗಾದ್ರೆ ಇಳಿಸಿದ್ದು ಯಾವುದು?"

ಅವರು ತಕ್ಷಣ ಉತ್ತರ ಕೊಡಲಿಲ್ಲ. ಬೆಂಡೆಕಾಯಿ ನೀರು ಬಿಡಿ ಅಂತ ನಾನೂ ಒತ್ತಾಯ ಮಾಡಲಿಲ್ಲ. ಮಾತ್ರೆ ಬಿಡಬೇಡಿ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸಿ ಅಂದೆ. ಒಂದು ದಿನದ ಶುಗರ್ ಏರಿಳಿಯುತ್ತದೆ, ಆ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. "ಮಧುಮೇಹ ಬುಡಸಮೇತ ಗುಣ" ಅಂತ ಪುಡಿ ಮಾರುವವರ ಜಾಹೀರಾತನ್ನು ಔಷಧಿ ಜಾಹೀರಾತುಗಳ ಮೇಲಿನ 1954ರ ಕಾಯ್ದೆಯೇ ನಿಷೇಧಿಸಿದೆ ಅಂದಾಗ ಮಾತ್ರ ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. ಒಂದು ಡಬ್ಬಿ ಆಗಲೇ ಕೊಂಡಿದ್ದರಂತೆ. ಒಳಗೆ ಹೋಗಿ ತಂದು ತೋರಿಸಿದರು. ಒಳಗೆ ಏನಿದೆ ಅಂತ ಚೀಟಿಯ ಮೇಲೆ ಬರೆದೇ ಇರಲಿಲ್ಲ.

ಕಳೆದ ತಿಂಗಳು ಆ ಹಿಂದಿನ ಬೆಂಚಿನ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಈಗ ಹತ್ತನೇ ಕ್ಲಾಸು. ಅವರಪ್ಪನಿಗೆ ಕಿಡ್ನಿಯಲ್ಲಿ ಕಲ್ಲು. ಬಾಳೆದಿಂಡಿನ ರಸ ಕುಡಿದು ಹತ್ತೇ ದಿನದಲ್ಲಿ ಕಲ್ಲು ಬಿತ್ತು ಅನ್ನುವ ಸಂದೇಶವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ತಂದಿದ್ದಳು.

"ಮಿಸ್, ಕಲ್ಲು ಎಷ್ಟು ದಪ್ಪ ಇತ್ತು ಅಂತ ಇದರಲ್ಲಿ ಬರೆದೇ ಇಲ್ಲ."

5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಬಹುಪಾಲು ತಾನಾಗಿಯೇ ಮೂತ್ರದಲ್ಲಿ ಬಿದ್ದು ಹೋಗುತ್ತದೆ, ದೊಡ್ಡದಾದರೆ ಬೀಳುವುದು ಕಷ್ಟ ಅಂದೆ. ಅಪ್ಪನ ಸ್ಕ್ಯಾನಿಂಗ್ ರಿಪೋರ್ಟ್ ನೋಡು ಅಂತ ಹೇಳಿ ಕಳಿಸಿದೆ. ಮರುದಿನ ರಿಪೋರ್ಟನ್ನೇ ಬ್ಯಾಗಲ್ಲಿ ಇಟ್ಟುಕೊಂಡು ಬಂದಳು. 11 ಮಿಲಿಮೀಟರ್ ಅಂತಿತ್ತು. ಆ ಶನಿವಾರ ಅವರಪ್ಪ ಜಿಲ್ಲಾಸ್ಪತ್ರೆಗೆ ಹೋದರು.